ಮಗು ತರದೆ ಬಂದ ಅಜ್ಜಿ

ನನ್ನ ಕೆಲಸದಲ್ಲಿ ಒಂದು ತೊಡಕಿದೆ. ಕಾಯಿಲೆ ಇರುವವರಿಗೆ ಮಾತು ಬರುವುದಿಲ್ಲ, ಮಾತಾಡುವವರಿಗೆ ಕಾಯಿಲೆ ಇರುವುದಿಲ್ಲ. ನಾನು ಮಕ್ಕಳ ಡಾಕ್ಟರು. ಕೂಸು ಸುಮ್ಮನೆ ಅಳುತ್ತದೆ. ಅಪ್ಪ, ಅಮ್ಮ, ಅಜ್ಜಿ, ಸೋದರಮಾವ ಆ ಅಳುವಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ಅವರು ಹೇಳಿದ್ದನ್ನು ನಾನು ನಂಬುವುದಿಲ್ಲ, ನಾನು ಹೇಳಿದ್ದನ್ನು ಅವರು ನಂಬುವುದಿಲ್ಲ. ಹೀಗೆ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡು ಕೂತಿರುವಾಗ ಏನಾದರೊಂದು ತಮಾಷೆ ಆಗದೆ ಇದ್ದರೆ, ಅವತ್ತು ಭಾನುವಾರ ಅಂತಲೇ ಅರ್ಥ.

ನಾನು ಹುಟ್ಟಿದ್ದು ಕುದೇರಿನಲ್ಲಿ. ಕ್ಲಿನಿಕ್ಕು ಚಾಮರಾಜನಗರದಲ್ಲಿ. ಬುಧವಾರ, ಶನಿವಾರ ಮಧ್ಯಾಹ್ನದ ಮೇಲೆ ಗುಂಡ್ಲುಪೇಟೆಯಲ್ಲಿ ಒಂದು ಬೇಕರಿ ಪಕ್ಕದ ಕೋಣೆಯಲ್ಲಿ ಕೂರುತ್ತೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

೧. ಉಣ್ಣದ ಮಕ್ಕಳು

ಚಾಮರಾಜನಗರದಲ್ಲಿ ಶುರು ಮಾಡಿದ ಹೊಸತು. ಹರವೆ ಕಡೆಯಿಂದ ಒಬ್ಬ ಯಜಮಾನರು ಮಗನನ್ನು ಕರೆದುಕೊಂಡು ಬಂದರು. ಹುಡುಗನ ಕೈಯಲ್ಲಿ ಅರ್ಧ ತಿಂದ ಬನ್ನು, ಕಂಕುಳಲ್ಲಿ ಚಿಪ್ಸಿನ ಪೊಟ್ಟಣ.

"ಏನೂ ತಿನ್ನಲ್ಲ ಕಣವ್ವ ಇವ್ನು" ಅಂದರು.

ನಾನು ಬನ್ನಿನ ಕಡೆ ನೋಡಿದೆ. ಅವರೂ ನೋಡಿದರು. "ಅದಲ್ಲ, ಅನ್ನ ತಿನ್ನಲ್ಲ" ಅಂದರು. ಹುಡುಗನನ್ನು ತೂಗಿದೆ, ಹೊಟ್ಟೆ ಮುಟ್ಟಿದೆ, ಎದೆ ಕೇಳಿದೆ. ಕಲ್ಲುಗುಂಡಿನ ಹಾಗಿದ್ದ. "ಅಂಗಡಿ ತಿಂಡಿ ನಿಲ್ಲಿಸಿ, ಹಸಿವಾದರೆ ತಾನೇ ಊಟ ಕೇಳ್ತಾನೆ. ಔಷಧಿ ಏನೂ ಬೇಡ" ಅಂದೆ.

ಔಷಧಿ ಬೇಡ ಅಂದದ್ದೇ ತಪ್ಪಾಯಿತು. ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. ನಾನು ಸ್ವಲ್ಪ ಸಣಕಲು.

"ನಿಮ್ಗೆ ಮಕ್ಳೆಷ್ಟವ್ವ?"

"ಒಬ್ಬಳು ಮಗಳು."

"ಏನ್ ತಿಂದಾಳು?"

ಸುಳ್ಳು ಹೇಳಬಹುದಿತ್ತು. ಬೆಳಿಗ್ಗೆ ತಾನೇ ಆ ಮಗಳ ಹಿಂದೆ ಇಡ್ಲಿ ತಟ್ಟೆ ಹಿಡಿದು ಮನೆಯೆಲ್ಲ ಓಡಿ ಬಂದಿದ್ದೆ. "ಅಯ್ಯೋ, ಅವಳೂ ಏನೂ ತಿನ್ನಲ್ಲ!" ಅಂದುಬಿಟ್ಟೆ.

ಯಜಮಾನರು ಎದ್ದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನಡೀಲಾ ಮಗ, ಓಗನ. ಇವ್ರ ಮಗೀನೇ ಉಣ್ಣಕಿಲ್ವಂತೆ, ನಿಂಗೇನ್ ಉಣ್ಣುಸ್ತಾರು" ಅಂತ ಹೊರಟೇ ಹೋದರು.

೨. ನೋಡಲು ಬಂದವರು

ಗುಂಡ್ಲುಪೇಟೆಯಲ್ಲಿ ಕೂರಲು ಶುರುಮಾಡಿದ ಮೇಲೆ ಒಂದು ಬುಧವಾರ, ಬೆಂಚಿನ ತುದಿಯಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಎಲೆಅಡಿಕೆ ಚೀಲ. ಚೀಟಿ ಬರೆಯುವ ಸಿಸ್ಟರು ಕೇರಳದ ಬತ್ತೇರಿಯವರು, ಗುಂಡ್ಲುಪೇಟೆಯ ಸೊಸೆ. ಅವರು ಒಳಗೆ ಬಂದು, "ಡಾಕ್ಟರೇ, ಆ ಅಜ್ಜಿ ಚೀಟಿ ಮಾಡಿಸಿದ್ದಾರೆ, ಪೇಷಂಟ್ ಇಲ್ಲ" ಅಂದರು.

ಒಳಗೆ ಕರೆದೆ. "ಏನಜ್ಜಿ, ಮಗು ಎಲ್ಲಿ?"

"ಮನ್ಲದೆ."

"ಮತ್ತೆ ನೀವ್ಯಾಕೆ ಬಂದ್ರಿ?"

"ನಿಮ್ಮ ನೋಡಕ್ ಬಂದಿವ್ನಿ. ನನ್ ಪಾಡ್ಗೆ ಕುಂತಿರ್ತೀನಿ, ನಿಮ್ ಕೆಲ್ಸ ನೀವ್ ಮಾಡಿ."

ಹೇಳಿದ ಹಾಗೆಯೇ ಕೂತರು. ಬಾಗಿಲು ತೆಗೆದಾಗಲೆಲ್ಲ ಕತ್ತು ಉದ್ದ ಮಾಡಿ ಒಳಗೆ ನೋಡಿದರು. ನಾನು ಕೈ ತೊಳೆದೆನಾ, ಯಾವ ಮಗುವನ್ನು ಎಷ್ಟು ಹೊತ್ತು ನೋಡಿದೆ, ಎಲ್ಲ ಗಮನಿಸಿದರು. ನಂಜನಗೂಡು ಬಸ್ಸಿನ ಹೊತ್ತಿಗೆ ಎದ್ದು ಹೋದರು.

ನನಗೆ ಅನುಮಾನ. ಯಾರೋ ಬೇರೆ ಡಾಕ್ಟರು ಕಳಿಸಿರಬೇಕು ಅಂದುಕೊಂಡೆ. ಆಶಾ ಕಾರ್ಯಕರ್ತೆಯೊಬ್ಬರು ಅವತ್ತು ಅಲ್ಲೇ ಇದ್ದರು. "ಭೀಮನಬೀಡಿನೋರು ಮೇಡಂ. ಆಯಮ್ಮನ ಮಗನ ಮನೇಲಿ ಎಂಟ್ ತಿಂಗಳ ಕೂಸದೆ. ಹಾಲು ಕುಡಿಯುವಾಗ ಬೆವರ್ತದಂತೆ, ಉಸ್ರು ಜೋರಂತೆ, ಮೈ ಹತ್ತುತಾನೇ ಇಲ್ಲ. ಯಾವ್ ಡಾಕ್ಟ್ರ ಹತ್ರಾನೂ ಬುಡಲ್ಲ ಈಯಮ್ಮ" ಅಂದರು.

ಹಾಲು ಕುಡಿಯುತ್ತಾ ಬೆವರುವ, ಏದುಸಿರು ಬಿಡುವ ಕೂಸು ಅಂದರೆ ಮಕ್ಕಳ ಡಾಕ್ಟರ ತಲೆಗೆ ಮೊದಲು ಬರುವುದು ಹೃದಯ.

"ಯಾಕೆ ಬಿಡಲ್ಲ?"

ಹಿಂದೆ ಬ್ಯಾಗು ಹಿಡಿದುಕೊಂಡು ಊರೂರು ಸುತ್ತುವ ಒಬ್ಬ ಡಾಕ್ಟರಿದ್ದನಂತೆ. ಅಜ್ಜಿಯ ಮಗಳ ಮಗನಿಗೆ ಜ್ವರ ಬಂದಾಗ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿ ಹೋದ. ಅದು ಕೀವಾಗಿ ಆ ಹುಡುಗ ಇವತ್ತಿಗೂ ಕುಂಟುತ್ತಾನೆ. ಆಮೇಲೆ ಗೊತ್ತಾಯಿತು, ಆತ ಡಾಕ್ಟರೇ ಅಲ್ಲ. ಆತನನ್ನು ಮನೆಯೊಳಗೆ ಕರೆದು, ಕಾಫಿ ಕೊಟ್ಟು, ಮಗುವನ್ನು ಹಿಡಿದುಕೊಂಡಿದ್ದು ಈ ಅಜ್ಜಿಯೇ. ಅವತ್ತಿನಿಂದ ಡಾಕ್ಟರು ಅಂದರೆ ಅನುಮಾನ.

"ಹಂಗಾದ್ರೆ ನನ್ನ ಹತ್ರ ಯಾಕೆ ಬಂದ್ರು?"

"ಅದೇ ಮೇಡಂ, ಹೆಣ್ ಕೊಡೋಕ್ ಮುಂಚೆ ಮನೆತನ ನೋಡಕ್ ಬತ್ತಾರಲ್ಲ, ಅಂಗೆ" ಅಂದರು ಆಶಾ.

೩. ಬ್ಯಾಗು

ಶನಿವಾರ ಅಜ್ಜಿ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ಭಾನುವಾರ ಆಶಾ ಅವರನ್ನು ಕೂರಿಸಿಕೊಂಡು ಭೀಮನಬೀಡಿಗೇ ಹೋದೆ. ಅಜ್ಜಿ ಜಗುಲಿಯ ಮೇಲೆ ಹುರುಳಿಕಾಳು ಹಸನು ಮಾಡುತ್ತಾ ಕೂತಿದ್ದರು. ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ಆಗ ನನಗೆ ಹೊಳೆಯಿತು, ಕೈಯಲ್ಲಿ ಬ್ಯಾಗು ಹಿಡಿದಿದ್ದೆ.

"ಕರೀದೇ ಬ್ಯಾಗಿಡ್ಕಂಡ್ ಬರೋರು ಎಂಥೋರು ಅಂತ ನಂಗೊತ್ತು" ಅಂದರು ಅಜ್ಜಿ.

ಆಶಾ ಏನೇನೋ ಸಮಾಧಾನ ಹೇಳುತ್ತಿದ್ದರು. ನನ್ನ ಕಣ್ಣು ಬಾಗಿಲ ಹಿಂದೆ. ಸೊಸೆ ಅಲ್ಲಿ ಕೂಸಿಗೆ ಹಾಲು ಕುಡಿಸುತ್ತಾ ನಿಂತಿದ್ದಳು. ಕೂಸು ಒಂದೆರಡು ಗುಟುಕು ಚೀಪಿ ಬಿಡುತ್ತಿತ್ತು, ಏದುಸಿರು ಬಿಡುತ್ತಿತ್ತು, ಮತ್ತೆ ಬಾಯಿ ಹಾಕುತ್ತಿತ್ತು. ಸೆಕೆಯೇ ಇಲ್ಲ, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಸೊಸೆ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಅವಳಿಗೆ ಕೂಸನ್ನು ನನ್ನ ಕೈಗೆ ಕೊಡುವ ಮನಸ್ಸಿತ್ತು. ಅವಳ ಗಂಡ ತರಕಾರಿ ಗಾಡಿ ಓಡಿಸಿಕೊಂಡು ಕೇರಳಕ್ಕೆ ಹೋಗಿದ್ದ, ಮನೆಯಲ್ಲಿ ಅಜ್ಜಿ ಹೇಳಿದ್ದೇ ಮಾತು.

ನಾನು ತಡೆಯದೆ ಅಂದೆ: "ಅಜ್ಜಿ, ಈ ಕೂಸಿನ ಎದೆಗುಂಡಿಗೆಯಲ್ಲಿ ಏನೋ ತೊಂದರೆ ಇದೆ. ತಡ ಮಾಡಬೇಡಿ, ನಾಳೆಯೇ ಕರ್ಕೊಂಡು ಬನ್ನಿ. ನನ್ನ ಹತ್ರ ಬೇಡ ಅಂದ್ರೆ ದೊಡ್ಡಾಸ್ಪತ್ರೆಗಾದ್ರೂ ಹೋಗಿ."

ಅಜ್ಜಿ ಮೊರ ಕೆಳಗಿಟ್ಟರು. "ಮುಟ್ಲಿಲ್ಲ, ನೋಡ್ಲಿಲ್ಲ. ಬಾಗ್ಲಲ್ ನಿಂತ್ಕಂಡೇ ಎದೆ ಒಳಗಿಂದು ಕಂಡ್ಬುಡ್ತಾ? ಆವಯ್ಯನೂ ಇಂಗೇ ಏಳ್ತಿದ್ದ" ಅಂದರು.

ದಾರಿಯುದ್ದಕ್ಕೂ ನನಗೆ ಸಿಟ್ಟು. ಅಜ್ಜಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಲ್ಲ ಅನ್ನುವುದಕ್ಕೆ ಇನ್ನೂ ಸಿಟ್ಟು. ಊರು ದಾಟಿದ ಮೇಲೆ ಆಶಾ ಮೆಲ್ಲಗೆ ಕೇಳಿದರು, "ಮೇಡಂ, ಬ್ಯಾಗಲ್ಲಿ ಏನಿತ್ತು?" ತೆಗೆದು ತೋರಿಸಿದೆ. ಮಗಳು ತಿನ್ನದೆ ಬಿಟ್ಟಿದ್ದ ಇಡ್ಲಿ ಡಬ್ಬಿ.

೪. ಕಿವಿಗೆ ಇಡುತ್ತಾರಾ?

ಬುಧವಾರ ಅಜ್ಜಿ ಮತ್ತೆ ಹಾಜರು. ಈ ಸಲವೂ ಮಗು ಇಲ್ಲ. ಈ ಸಲ ಬೆಂಚಲ್ಲಿ ಕೂರಲಿಲ್ಲ, ನೇರವಾಗಿ ನನ್ನ ಕೋಣೆಗೇ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. ಬೈದು ಕಳಿಸಿದರೆ ಕೂಸು ಕೈತಪ್ಪುತ್ತದೆ. ಹಲ್ಲು ಕಚ್ಚಿಕೊಂಡು ಮುಂದಿನ ಮಗುವನ್ನು ಕರೆದೆ.

ನಾನು ಸ್ಟೆತಾಸ್ಕೋಪು ಎತ್ತಿದಾಗಲೆಲ್ಲ ಅಜ್ಜಿ ಮುಂದಕ್ಕೆ ಬಗ್ಗುತ್ತಿದ್ದರು. ಕೊನೆಗೆ ಕೇಳಿದೆ: "ಏನಜ್ಜಿ ಹಂಗೆ ನೋಡ್ತೀರಿ?"

"ನೀವು ಕಿವಿಗ್ ಇಕ್ಕತೀರಿ."

"ಇನ್ನೆಲ್ಲಿಗೆ ಇಡ್ಬೇಕು?"

"ಆವಯ್ಯ ಕತ್ಗೇ ಬುಟ್ಕಂಡಿರ್ತಿದ್ದ. ಈ ಬಿಲ್ಲೆನ ಎದೆಗ್ ಇಕ್ಕೋನು, 'ಕಫ ಕಟ್ಟದೆ' ಅನ್ನೋನು. ಕಿವಿಗ್ ಇಕ್ಕಂತಾನೇ ಇರ್ಲಿಲ್ಲ. ನಂಗಾಗ ತಿಳೀನಿಲ್ಲ ಕಣವ್ವ. ತಿಳ್ದಿದ್ರೆ ಆ ಮಗ ಯಾಕ್ ಕುಂಟ್ತಿದ್ದ?"

ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಾಪ ಅನಿಸಿತು. ಸ್ಟೆತಾಸ್ಕೋಪನ್ನು ಅವರ ಕಿವಿಗೆ ಇಟ್ಟು, ಬಿಲ್ಲೆಯನ್ನು ಅವರದೇ ಎದೆಗೆ ಹಿಡಿದೆ. ಅಜ್ಜಿಯ ಕಣ್ಣು ಇಷ್ಟಗಲ ಆಯಿತು.

"ಇದೇನವ್ವ, ಒಳಗ್ ಯಾರೋ ರಾಗಿ ಕುಟ್ದಂಗದೆ!"

"ನಿಮ್ಮ ಗುಂಡಿಗೆ ಅಜ್ಜಿ."

ಅಜ್ಜಿ ಬಹಳ ಹೊತ್ತು ಕೇಳಿದರು. ಆಮೇಲೆ ಬಿಲ್ಲೆ ಕಿತ್ತುಕೊಂಡು ನನ್ನ ಎದೆಗೆ ಒತ್ತಿದರು. ಹೊರಗೆ ನಾಲ್ಕು ಮಕ್ಕಳು ಕಿರುಚುತ್ತಿವೆ, ಸಿಸ್ಟರು ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ, ನಾನು ಉಸಿರು ಬಿಗಿಹಿಡಿದು ಕೂತಿದ್ದೇನೆ.

"ನಿಮ್ದು ಬೋ ಜೋರಾಗ್ ಒಡ್ಕತದೆ" ಅಂದರು ಅಜ್ಜಿ. "ಯಾಕ್ ಡಾಕ್ಟ್ರಮ್ಮ, ಏನಾರ ಸುಳ್ ಏಳಿದ್ದೀರಾ?"

೫. ಅಪ್ಪನ ಕೆಮ್ಮು

ಅದೇ ದಿನ, ಅಜ್ಜಿ ಇನ್ನೂ ಸ್ಟೂಲಿನ ಮೇಲೇ ಇದ್ದರು. ಒಬ್ಬ ಆಟೋ ಡ್ರೈವರು ಮಗುವನ್ನು ಎತ್ತಿಕೊಂಡು ಬಂದ. ಹಿಂದಿನ ವಾರ ಕೆಮ್ಮಿಗೆ ಒಂದು ಬಾಟಲಿ ಬರೆದುಕೊಟ್ಟಿದ್ದೆ. ಮಗು ಹಾಗೇ ಕೆಮ್ಮುತ್ತಿತ್ತು.

"ಔಷಧಿ ಕೊಟ್ರಾ?"

"ಕೊಡನ ಅಂತಿದ್ದೆ ಮೇಡಂ. ಆದ್ರೆ ಮಗೀಗೆ ಏನಾರ ಎಚ್ಚುಕಮ್ಮಿ ಆದ್ರೆ ಅಂತ ಮೊದ್ಲು ನಾನೇ ಒಂದ್ ಚಮಚ ಕುಡ್ದೆ. ಏನೂ ಆಗ್ನಿಲ್ಲ."

"ಆಮೇಲೆ?"

"ಒಂದ್ ದಿನ್ದಲ್ಲಿ ಎಂಗ್ ಗೊತ್ತಾದದು ಅಂತ ಮಾರ್ನೆ ದಿನಾನೂ ಕುಡ್ದೆ. ಅಂಗೇ ದಿನಾ ನೋಡ್ತಾ ಓದೆ. ಈಗ ಧೈರ್ಯ ಬಂತು, ಮಗೀಗ್ ಕೊಡನ ಅಂದ್ರೆ ಬಾಟ್ಲಿ ಖಾಲಿ."

ನಾನು ತಲೆ ಹಿಡಿದುಕೊಂಡೆ. "ಅಲ್ಲಾರೀ, ಕೆಮ್ಮು ವಾಸಿ ಆಗ್ಬೇಕಾ ಬೇಡ್ವಾ?"

"ಆಯ್ತಲ್ಲ ಮೇಡಂ, ನಂದು" ಅಂದ.

ನಾನು ಅವನಿಗೆ ಬೈಯಬೇಕು ಅನ್ನುವಷ್ಟರಲ್ಲಿ ಮೂಲೆಯಿಂದ ಅಜ್ಜಿ ಮೆಚ್ಚಿ ತಲೆದೂಗಿದರು. "ಇವ್ನು ಅಪ್ಪ ಅಂದ್ರೆ! ಅಂಗೇ ಮಾಡ್ಬೇಕು. ಮೊದ್ಲು ಬ್ಯಾರೇರ್ ಮ್ಯಾಲೆ ಪರೀಕ್ಸೆ ಮಾಡ್ಬೇಕು, ಆಮ್ಯಾಕೆ ಕೂಸ ಕೊಡ್ಬೇಕು."

ಅಷ್ಟು ಹೇಳಿ ಏನೋ ಯೋಚನೆ ಮಾಡುತ್ತಾ ಎದ್ದು ಹೋದರು. ಆ ಯೋಚನೆಯ ಮುಖ ನನಗೆ ಒಂದಿಷ್ಟೂ ಸರಿಬರಲಿಲ್ಲ.

೬. ಗುಂಡುಗುಂಡಗಿನ ರೋಗಿ

ಮುಂದಿನ ಶನಿವಾರ ಅಜ್ಜಿ ಮಗು ತಂದರು. ನಾನು ಖುಷಿಯಿಂದ ಎದ್ದು ನಿಂತೆ, ಹಾಗೇ ಕೂತೆ. ಅದು ಕೂಸಲ್ಲ, ಅದರ ಅಕ್ಕ. ನಾಲ್ಕು ವರ್ಷದ ಹುಡುಗಿ, ಎರಡು ಜಡೆ, ಗುಂಡುಗುಂಡಗೆ ಇದ್ದಳು, ಬಾಯಲ್ಲಿ ಬೇಕರಿಯ ರಸ್ಕು.

"ಇದ್ಕೆ ಜರ ಕಣವ್ವ. ಮೂರೊತ್ತೂ ಮಲ್ಗೇ ಇರ್ತದೆ. ಏನೂ ಉಣ್ಣಕಿಲ್ಲ" ಅಂದರು ಅಜ್ಜಿ, ಕಣ್ಣು ಮಿಟುಕಿಸದೆ.

ಹುಡುಗಿ ಆಶ್ಚರ್ಯದಿಂದ ಅಜ್ಜಿಯನ್ನು ನೋಡಿದಳು. ನನಗೆ ಎಲ್ಲ ಅರ್ಥವಾಯಿತು. ಆಟೋದವನ ವಿದ್ಯೆ. ಚೆನ್ನಾಗಿರುವ ಮಗುವನ್ನು ಮುಂದಿಟ್ಟು ಡಾಕ್ಟರು ಏನು ಹೇಳುತ್ತಾಳೆ ನೋಡುವುದು. ಕಾಯಿಲೆ ಇದೆ ಅಂದರೆ ನಾನು ಸುಳ್ಳಿ. ಏನೂ ಇಲ್ಲ ಅಂದರೆ ಪಾಸು, ಕೂಸು ನನ್ನ ಕೈಗೆ ಬರುತ್ತದೆ. ಇಷ್ಟು ಸುಲಭದ ಪರೀಕ್ಷೆ ನಾನು ಮೆಡಿಕಲ್ ಕಾಲೇಜಿನಲ್ಲೂ ಬರೆದಿರಲಿಲ್ಲ.

ಹುಡುಗಿಯನ್ನು ಮೇಜಿನ ಮೇಲೆ ಕೂರಿಸಿದೆ. ಜ್ವರ ಇಲ್ಲ. ಎದೆ, ಹೊಟ್ಟೆ, ಕಿವಿ, ಗಂಟಲು ಎಲ್ಲ ಸರಿ. "ಏನೂ ಇಲ್ಲ ಅಜ್ಜಿ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಂದು ಕೆಟ್ಟ ವಾಸನೆ ಬಡಿಯಿತು. ಬಗ್ಗಿ ನೋಡಿದರೆ, ಎಡಮೂಗಿನಿಂದ ಮಾತ್ರ ಹಳದಿ ಸಿಂಬಳ. ಬಲಮೂಗು ಶುಭ್ರ.

ದೇವರೇ! ಒಂದೇ ಮೂಗಿನಲ್ಲಿ ನಾತದ ಸಿಂಬಳ ಅಂದರೆ, ಒಳಗೆ ಏನೋ ಸಿಕ್ಕಿಕೊಂಡಿದೆ. ಹೇಳಿದರೆ ಅಜ್ಜಿಯ ಲೆಕ್ಕದಲ್ಲಿ ನಾನು ಫೇಲು, ಕೂಸು ಹೋಯಿತು. ಹೇಳದಿದ್ದರೆ ಪಾಸು, ಆದರೆ ಆಗ ಆ ಬ್ಯಾಗಿನವನಿಗೂ ನನಗೂ ಏನು ವ್ಯತ್ಯಾಸ? ಒಂದು ಗಳಿಗೆ ಬೆವರಿದೆ. ಆಮೇಲೆ ಎಂದಿನಂತೆ ಸಿಟ್ಟೇ ನನ್ನನ್ನು ಕಾಪಾಡಿತು.

"ಜ್ವರ ಇಲ್ಲ, ಗಿರ ಇಲ್ಲ, ನೀವು ಹೇಳಿದ್ದೆಲ್ಲ ಸುಳ್ಳು!" ಅಂದೆ. "ಆದ್ರೆ ಈ ಮಗುವಿನ ಎಡಮೂಗಲ್ಲಿ ಏನೋ ಇದೆ."

ಅಜ್ಜಿ ಸ್ಟೂಲು ಉರುಳುವ ಹಾಗೆ ಎದ್ದರು. "ಸಿಕ್ಬುಟ್ರಿ! ಸಿಕ್ಬುಟ್ರಿ ನೋಡಿ! ಗುಂಡ್ಕಲ್ಲಂಗಿರೋ ಮಗೀಗೆ ಕಾಯ್ಲೆ ಕಟ್ತಾವ್ರೆ! ನಡ್ಯಮ್ಮಿ, ಮನೆಗ್ ಓಗನ!"

"ಸಿಸ್ಟರ್, ತಲೆ ಹಿಡ್ಕೊಳ್ಳಿ!" ಅಂತ ಕೂಗಿದೆ. ಸಿಸ್ಟರು ಹುಡುಗಿಯ ತಲೆ ಹಿಡಿದರು, ಅಜ್ಜಿ ಹುಡುಗಿಯ ಕಾಲು ಹಿಡಿದು ಎಳೆದರು. ಹುಡುಗಿ ಇಷ್ಟು ಮಜಾ ಎಂದೂ ಕಂಡಿಲ್ಲ ಅನ್ನುವಂತೆ ನಗುತ್ತಿದ್ದಳು. ದೀಪ ಹಿಡಿದು, ಸಣ್ಣ ಕೊಕ್ಕೆ ಹಾಕಿ, ಮೆಲ್ಲಗೆ ಎಳೆದೆ. ಟಪಕ್ಕನೆ ಟ್ರೇಗೆ ಬಿತ್ತು.

ಹುರುಳಿಕಾಳು. ಅದಕ್ಕೆ ಬೆಳ್ಳಗೆ, ಉದ್ದಕ್ಕೆ ಮೊಳಕೆ ಬಂದಿತ್ತು.

ಹುಡುಗಿ ಕೈ ಚಾಚಿ, "ಅದು ನಂದು, ಕೊಡಿ" ಅಂದಳು.

ಅಜ್ಜಿ ಟ್ರೇಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಓದ್ವಾರ ಮೊಳ್ಕೆ ಸಾರ್ಗೆ ನೆನೆ ಆಕಿದ್ದೆ" ಅಂತ ಮೆಲ್ಲಗೆ ಅಂದರು. ಆಮೇಲೆ ನನ್ನ ಮುಖವನ್ನು, ಮೊದಲನೇ ಸಲ ನೋಡುತ್ತಿರುವವರ ಹಾಗೆ ನೋಡಿದರು. ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಕೂಸ ತಗಂಡ್ ಬಾರಮ್ಮಿ! ಈಯಮ್ಮ ದಿಟುವಾಗ್ಲೂ ಡಾಕ್ಟ್ರು ಕಣ!"

ಬೇಕರಿ ಮುಂದೆ ನಿಂತಿದ್ದ ಆಟೋದಿಂದ ಸೊಸೆ ಇಳಿದು, ಕೂಸನ್ನು ಎದೆಗೊತ್ತಿಕೊಂಡು ಓಡಿ ಬಂದಳು. ಅವಳು ಅಷ್ಟು ಹೊತ್ತೂ ಅಲ್ಲೇ ಕೂತಿದ್ದಳು. ಕೂಸಿನ ಎದೆಗೆ ಸ್ಟೆತಾಸ್ಕೋಪು ಇಟ್ಟೆ. ನಾನು ಹೆದರಿದ್ದೇ ಸರಿ, ಪ್ರತಿ ಬಡಿತದ ಜೊತೆ ಬುಸ್ ಬುಸ್ ಅನ್ನುವ ಸದ್ದು. ಗುಂಡಿಗೆಯೊಳಗೆ ತೂತು. ಔಷಧಿ ಶುರುಮಾಡಿ, ಹೃದಯದ ಡಾಕ್ಟರೊಬ್ಬರಿಗೆ ಕಾಗದ ಬರೆದು ಮೈಸೂರಿಗೆ ಕಳಿಸಿದೆ. "ಹೆದರ್ಬೇಡಮ್ಮ, ಇದನ್ನ ಮುಚ್ಚೋಕ್ಕಾಗುತ್ತೆ" ಅಂದಾಗ ಸೊಸೆ ಅತ್ತಳು. ನಾನೂ ಸ್ವಲ್ಪ ಅತ್ತೆ. ಅಜ್ಜಿ ಮಾತ್ರ ಅಳಲಿಲ್ಲ. ಕೂಸಿನ ಮೂಗಿನೊಳಗೆ ಇಣುಕಿ ನೋಡುತ್ತಿದ್ದರು.

೭. ಮೈಸೂರಿನಿಂದ ಫೋನು

ಸೋಮವಾರ ಚಾಮರಾಜನಗರದ ಕ್ಲಿನಿಕ್ಕಿನಲ್ಲಿದ್ದೆ. ಹೃದಯದ ಡಾಕ್ಟರ ಫೋನು. ಬಹಳ ಹಿರಿಯರು, ಬಹಳ ಗಂಭೀರ.

"ಮೇಡಂ, ನೀವು ಬರೆದಿರೋದು ಎಂಟು ತಿಂಗಳ ಮಗು. ಇಲ್ಲಿ ಎರಡು ಜಡೆ ಹಾಕಿಕೊಂಡ ಹುಡುಗಿ ನನ್ನ ಮೇಜಿನ ಮೇಲೆ ಕೂತು ರಸ್ಕು ತಿನ್ನುತ್ತಿದ್ದಾಳೆ. ಒಬ್ಬರು ಅಜ್ಜಿ ಕೂಸನ್ನ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಮೊದಲು ಇವಳನ್ನ ನೋಡಿ ಅಂತಾರೆ. ಏನಿದು?"

ನಗು ತಡೆದುಕೊಳ್ಳುವುದೇ ಕಷ್ಟವಾಯಿತು. "ಸಾರ್, ದಯವಿಟ್ಟು ಅವಳ ಮೂಗು ನೋಡಿ."

"ನಾನು ಹೃದಯದ ಡಾಕ್ಟರು ಕಣಮ್ಮ!"

"ಗೊತ್ತು ಸಾರ್. ಮೂಗು ನೋಡದೆ ಅವರು ನಿಮಗೆ ಹೃದಯ ಕೊಡಲ್ಲ."

ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಸಾಹೇಬರ ಗಾಂಭೀರ್ಯ ಅರ್ಧ ಇಳಿದಿತ್ತು. "ಮೇಡಂ, ಇತ್ತು. ಹುರುಳಿಕಾಳು."

ನನಗೆ ಅನುಮಾನ ಶುರುವಾಯಿತು. "ಮೊಳಕೆ ಬಂದಿತ್ತಾ ಸಾರ್?"

"ಇಲ್ಲಪ್ಪ, ಒಣಗಿದ್ದು. ಯಾಕೆ?"

ಮೊಳಕೆ ಬಂದಿಲ್ಲ ಅಂದರೆ ಒದ್ದೆ ಮೂಗಿನೊಳಗೆ ಹೋಗಿ ಹೆಚ್ಚು ಹೊತ್ತಾಗಿಲ್ಲ. ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಹುರುಳಿಕಾಳು ಎಲ್ಲಿಂದ ಬರಬೇಕು? ಸಾಹೇಬರಿಗೆ ಏನೂ ಹೇಳಲಿಲ್ಲ, ಕೂಸು ಅವರ ಕೈಗೆ ಸಿಕ್ಕಿತಲ್ಲ, ಸಾಕು.

ಕೂಸಿಗೆ ಆಪರೇಷನ್ ಆಯಿತು. ಕೆಲವು ತಿಂಗಳಾದ ಮೇಲೆ ಗುಂಡ್ಲುಪೇಟೆಗೆ ತಂದರು. ಕೆನ್ನೆ ತುಂಬಿಕೊಂಡು, ಸಿಸ್ಟರ ಕನ್ನಡಕ ಕಿತ್ತು ಬಿಸಾಕುವಷ್ಟು ಗಟ್ಟಿಯಾಗಿತ್ತು. ನನಗಾದ ಸಂತೋಷ ಹೇಳತೀರದು. ಎಲ್ಲರೂ ಹೊರಟ ಮೇಲೆ ಅಜ್ಜಿಯೊಬ್ಬರನ್ನೇ ನಿಲ್ಲಿಸಿಕೊಂಡೆ.

"ಅಜ್ಜಿ, ನಿಜ ಹೇಳಿ. ಮೈಸೂರಲ್ಲಿ ಆ ಕಾಳು ಇಟ್ಟಿದ್ದು ಯಾರು?"

ಅಜ್ಜಿ ಅತ್ತ ಇತ್ತ ನೋಡಿದರು. ಎಲೆಅಡಿಕೆ ಚೀಲದ ದಾರ ಬಿಗಿ ಮಾಡಿಕೊಂಡರು.

"ಒಳೀಕೇನ್ ಇಕ್ಕಿರ್ನಿಲ್ಲ ಕಣವ್ವ, ಮೂಗ್ನ ತುದೀಲೇ ಇಕ್ಕಿದ್ದೆ" ಅಂದರು. "ಮೂಗ್ನ ತುದೀಲಿರೋ ಕಾಳು ಕಾಣ್ದೋನ್ಗೆ, ಎದೆ ಒಳಗ್ನ ತೂತು ಎಂಗವ್ವ ಕಂಡಾತು?"